ಬಿನ್ ಕಾರ್ಡ್ ಹೋಗಿ ಬಾರ್‌ಕೋಡ್ ಬಂತು: ಗೋದಾಮಿನ ಲೆಕ್ಕ ಬದಲಾದದ್ದು ಹೇಗೆ?

ಎಂಬತ್ತು, ತೊಂಬತ್ತರ ದಶಕದಲ್ಲಿ ಗಲ್ಫ್‌ಗೆ ಬಂದು ಸ್ಟೋರ್‌ಕೀಪರ್ ಕೆಲಸ ಮಾಡಿದ ಹಿರಿಯರಿಗೆ ಬಿನ್ ಕಾರ್ಡ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ರ‍್ಯಾಕಿನ ಪ್ರತಿ ಖಾನೆಗೂ ದಾರ ಕಟ್ಟಿ ತೂಗುಹಾಕಿದ ಒಂದು ರಟ್ಟಿನ ಕಾರ್ಡ್. ಮಾಲು ಬಂದರೆ ಒಂದು ಕಾಲಂ, ಹೋದರೆ ಇನ್ನೊಂದು, ಉಳಿದದ್ದು ಕೊನೆಯದರಲ್ಲಿ. ಸಂಜೆ ಅದನ್ನೆಲ್ಲ ದೊಡ್ಡ ಲೆಡ್ಜರ್ ಪುಸ್ತಕಕ್ಕೆ ಇಳಿಸುವುದು. ಕನ್‌ಸ್ಟ್ರಕ್ಷನ್ ಕಂಪೆನಿಯ ಸ್ಟೋರ್ ಇರಲಿ, ಆಹಾರ ಸಾಮಗ್ರಿಯ ಗೋದಾಮು ಇರಲಿ, ಲೆಕ್ಕ ನಡೆಯುತ್ತಿದ್ದದ್ದು ಹೀಗೆಯೇ.

ಆದರೆ ನಿಜವಾದ ಲೆಕ್ಕ ಕಾರ್ಡಿನಲ್ಲಿ ಇರುತ್ತಿರಲಿಲ್ಲ, ಸ್ಟೋರ್‌ಕೀಪರ್‌ನ ತಲೆಯಲ್ಲಿ ಇರುತ್ತಿತ್ತು. ಮುಕ್ಕಾಲು ಇಂಚಿನ ಎಲ್ಬೋ ಎಲ್ಲಿದೆ ಅಂತ ಕೇಳಿದರೆ ಕಾರ್ಡಿನ ಕಡೆ ತಿರುಗಿಯೂ ನೋಡದೆ ‘ಮೂರನೇ ಸಾಲು, ಕೆಳಗಿನ ಖಾನೆ, ನೀಲಿ ಡಬ್ಬದ ಹಿಂದೆ’ ಅನ್ನುವಂಥ ನೆನಪು. ಹತ್ತು ವರ್ಷ ಒಂದೇ ಸ್ಟೋರಿನಲ್ಲಿದ್ದ ಇಂಥವರನ್ನು ಕಂಪೆನಿ ಸುಲಭಕ್ಕೆ ಬಿಡುತ್ತಿರಲಿಲ್ಲ. ಅವರು ಎರಡು ತಿಂಗಳು ಊರಿಗೆ ರಜೆಯಲ್ಲಿ ಹೋದರೆ ಸ್ಟೋರಿಗೆ ಕಣ್ಣು ಕಟ್ಟಿದಂತಾಗುತ್ತಿತ್ತು. ಹೊಸದಾಗಿ ಬಂದ ಹುಡುಗ ಹುಡುಕಿ ಹುಡುಕಿ ಸಿಗದೆ, ಇದ್ದ ಮಾಲನ್ನೇ ಮತ್ತೆ ಆರ್ಡರ್ ಮಾಡಿಸುತ್ತಿದ್ದ.

ಕೈಬರಹದ ತೊಂದರೆಯಂತೂ ಗಲ್ಫ್‌ನಲ್ಲಿ ದುಪ್ಪಟ್ಟು. ಒಂದೇ ಸ್ಟೋರಿನಲ್ಲಿ ಕರಾವಳಿಯವರು, ಕೇರಳದವರು, ಪಾಕಿಸ್ತಾನಿಗಳು, ಈಜಿಪ್ಟಿನವರು. ಅರಬಿ ಲಿಪಿಯಲ್ಲಿ ಐದು ಬರೆದರೆ ಅದು ನಮ್ಮ ಕಣ್ಣಿಗೆ ಸೊನ್ನೆ. ಅರಬಿಯ ಆರು ನೋಡಲು ಹೆಚ್ಚುಕಡಿಮೆ ಇಂಗ್ಲಿಷಿನ ಏಳು. ಡೆಲಿವರಿ ನೋಟಿನಲ್ಲಿ ಡ್ರೈವರ್ ಬರೆದ ಐವತ್ತೈದನ್ನು ಎರಡು ಸೊನ್ನೆ ಅಂತ ಓದಿಕೊಂಡರೆ ಆ ದಿನದ ಲೆಕ್ಕದ ಕಥೆ ಮುಗಿದಂತೆ. ತಪ್ಪು ಗೊತ್ತಾಗುವುದು ವರ್ಷಕ್ಕೊಮ್ಮೆ, ಸ್ಟಾಕ್ ಟೇಕಿಂಗ್ ದಿನ. ಎರಡು ಮೂರು ದಿನ ಗೋದಾಮು ಮುಚ್ಚಿ, ಆಫೀಸಿನವರನ್ನೂ ಕರೆಸಿ, ಎಲ್ಲವನ್ನೂ ಎಣಿಸುವ ಕೆಲಸ. ಕಡಿಮೆ ಬಿದ್ದ ಮಾಲು ಎಂಟು ತಿಂಗಳ ಹಿಂದೆ ಹೋಯಿತೋ ನಿನ್ನೆ ಹೋಯಿತೋ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಕೊನೆಗೆ ಉತ್ತರ ಕೊಡಬೇಕಾದವನು ಮಾತ್ರ ಸ್ಟೋರ್‌ಕೀಪರ್.

ಬಾರ್‌ಕೋಡ್ ಬಂದು ಬದಲಾಯಿಸಿದ್ದು ಮುಖ್ಯವಾಗಿ ಇದನ್ನೇ. ಒಬ್ಬನ ತಲೆಯಲ್ಲಿದ್ದ ನೆನಪನ್ನು ಅದು ಎಲ್ಲರಿಗೂ ಕಾಣುವ ಪರದೆಗೆ ತಂದಿತು. ಅದರ ಜೊತೆಗೆ ಇನ್ನೊಂದೂ ಬಂತು. ಯಾರು, ಯಾವಾಗ, ಯಾವ ಪೆಟ್ಟಿಗೆಯನ್ನು ಮುಟ್ಟಿದರು ಅನ್ನುವ ದಾಖಲೆ. ಇವತ್ತು ಜೆಬೆಲ್ ಅಲಿಯಿಂದ ದಮ್ಮಾಮ್‌ವರೆಗೆ ಗೋದಾಮುಗಳಲ್ಲಿ ಕೈಯಲ್ಲಿ ಸ್ಕ್ಯಾನರ್ ಹಿಡಿದು ದುಡಿಯುವವರು ಈ ಎರಡನ್ನೂ ಅರ್ಥ ಮಾಡಿಕೊಂಡಿರುವುದು ಒಳ್ಳೆಯದು.

ಗೆರೆಯೊಳಗೆ ಇರುವುದೇನು?

ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಓಡಾಡುತ್ತಿರುವ ಒಂದು ಮೆಸೇಜ್ ಹೆಚ್ಚಿನವರಿಗೆ ಬಂದಿರಬಹುದು. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದ ಮಾಲು, 629 ಇದ್ದರೆ ಯುಎಇ, 628 ಇದ್ದರೆ ಸೌದಿ, ನೋಡಿ ಖರೀದಿ ಮಾಡಿ ಅಂತ. ಅರ್ಧ ಮಾತ್ರ ಸತ್ಯ. ಆ ಮೂರು ಅಂಕಿ ಹೇಳುವುದು ಕಂಪೆನಿ ಯಾವ ದೇಶದ ಜಿಎಸ್1 ಸಂಸ್ಥೆಯಲ್ಲಿ ನಂಬರ್ ಪಡೆದಿದೆ ಎಂಬುದನ್ನಷ್ಟೇ. ಬಾರ್‌ಕೋಡ್ ನಂಬರುಗಳನ್ನು ಜಗತ್ತಿನಾದ್ಯಂತ ಹಂಚುವ ಸಂಸ್ಥೆಯೇ ಜಿಎಸ್1. ದುಬೈಯ ಕಂಪೆನಿ ಚೀನಾದಲ್ಲಿ ಮಾಡಿಸಿ ತಂದ ಡಬ್ಬದ ಮೇಲೂ 629 ಇರಬಹುದು. ಮಾಲು ಎಲ್ಲಿ ತಯಾರಾಯಿತು ಅಂತ ತಿಳಿಯಬೇಕಿದ್ದರೆ ಡಬ್ಬದ ಮೇಲಿನ ಅಕ್ಷರ ಓದಬೇಕು, ಗೆರೆ ನೋಡಿ ಪ್ರಯೋಜನ ಇಲ್ಲ.

ಗೆರೆಯಲ್ಲಿ ಬೆಲೆಯೂ ಇಲ್ಲ, ವಸ್ತುವಿನ ಹೆಸರೂ ಇಲ್ಲ. ಇರುವುದು ಒಂದು ನಂಬರ್ ಮಾತ್ರ. ಕಾರಿನ ನಂಬರ್ ಪ್ಲೇಟ್ ಹಾಗೆ ಅಂದುಕೊಳ್ಳಿ. ಪ್ಲೇಟಿನ ಮೇಲೆ ಮಾಲಿಕನ ಹೆಸರು ಬರೆದಿರುವುದಿಲ್ಲ, ಆದರೆ ನಂಬರ್ ಹಾಕಿದರೆ ಆರ್‌ಟಿಒ ಕಂಪ್ಯೂಟರಿನಲ್ಲಿ ಎಲ್ಲವೂ ತೆರೆದುಕೊಳ್ಳುತ್ತದೆ. ಇದೂ ಹಾಗೆಯೇ. ಸ್ಕ್ಯಾನರಿನ ಬೆಳಕು ಬಿದ್ದಾಗ ಬಿಳಿ ಜಾಗ ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಗೆರೆಗಳ ದಪ್ಪ, ತೆಳು, ನಡುವಿನ ಅಂತರದ ಲೆಕ್ಕದಿಂದ ಯಂತ್ರ ಹದಿಮೂರು ಅಂಕಿಗಳನ್ನು ಓದಿ ಕಂಪ್ಯೂಟರಿಗೆ ಕೊಡುತ್ತದೆ. ಆಮೇಲಿನ ಕೆಲಸ ಕಂಪ್ಯೂಟರಿನದು. ಅದಕ್ಕೇ ಒಂದೇ ಬಿಸ್ಕತ್ ಪ್ಯಾಕೆಟ್ ಎರಡು ಅಂಗಡಿಗಳಲ್ಲಿ ಎರಡು ಬೆಲೆ ತೋರಿಸುವುದು.

ಹದಿಮೂರನೆಯ ಅಂಕಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪದ್ಧತಿಯ ನಂಬಿಕೆ ನಿಂತಿರುವುದೇ ಅದರ ಮೇಲೆ. ಉದಾಹರಣೆಗೆ 8901234567890 ಎಂಬ ನಂಬರ್ ತೆಗೆದುಕೊಳ್ಳಿ. ಕೊನೆಯ ಸೊನ್ನೆಯನ್ನು ಬಿಟ್ಟು, ಎಡದಿಂದ ಒಂದನೇ, ಮೂರನೇ, ಐದನೇ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಿದರೆ 28. ಎರಡನೇ, ನಾಲ್ಕನೇ, ಆರನೇ ಹೀಗೆ ಸಮ ಸ್ಥಾನದವನ್ನು ಕೂಡಿದರೆ 34, ಅದನ್ನು ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಇದಕ್ಕೆ ಎಷ್ಟು ಸೇರಿಸಿದರೆ ಹತ್ತರಿಂದ ಸರಿಯಾಗಿ ಭಾಗವಾಗುತ್ತದೆಯೋ ಅದೇ ಕೊನೆಯ ಅಂಕಿ. 130 ಆಗಲೇ ಭಾಗವಾಗುತ್ತದೆ, ಹಾಗಾಗಿ ಸೊನ್ನೆ. ಈಗ ಆರನೇ ಸ್ಥಾನದ 3 ಎಲ್ಲೋ ಅಳಿಸಿಹೋಗಿ 8 ಅಂತ ಓದಿಕೊಂಡರೆ ಮೊತ್ತ 145 ಆಗುತ್ತದೆ, ಕೊನೆಯ ಅಂಕಿ 5 ಇರಬೇಕಾಗುತ್ತದೆ. ಲೇಬಲ್ ಮೇಲೆ ಇರುವುದು ಸೊನ್ನೆ. ಯಂತ್ರ ಆ ನಂಬರನ್ನು ಒಪ್ಪುವುದೇ ಇಲ್ಲ. ಡೆಲಿವರಿ ನೋಟಿನ ಅರಬಿ ಐದನ್ನು ಸೊನ್ನೆ ಅಂತ ಓದಿದವನನ್ನು ತಡೆಯಲು ಯಾರೂ ಇರಲಿಲ್ಲ, ಇಲ್ಲಿ ನಂಬರೇ ತನ್ನ ತಪ್ಪನ್ನು ಹಿಡಿದುಕೊಡುತ್ತದೆ. ಕಂಟೇನರಿನ ಬಾಗಿಲ ಮೇಲೆ ನಾಲ್ಕು ಅಕ್ಷರ, ಆರು ಅಂಕಿ ಬರೆದು ಕೊನೆಗೆ ಒಂದು ಅಂಕಿಯನ್ನು ಪುಟ್ಟ ಚೌಕದೊಳಗೆ ಹಾಕಿರುತ್ತಾರಲ್ಲ, ಅದೂ ಇಂಥದ್ದೇ ತಪಾಸಣೆಯ ಅಂಕಿ. ಲೆಕ್ಕದ ವಿಧಾನ ಮಾತ್ರ ಬೇರೆ.

ಮರಳಿನ ಮೇಲೆ ಎಳೆದ ಗೆರೆ

ಬಾರ್‌ಕೋಡ್ ಹುಟ್ಟಿದ್ದು ಅಮೆರಿಕದಲ್ಲಿ. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ತಾಂತ್ರಿಕ ಸಂಸ್ಥೆಗೆ ಒಂದು ಆಹಾರ ಮಳಿಗೆ ಕಂಪೆನಿಯ ಮುಖ್ಯಸ್ಥರು ಬಂದು, ಕೌಂಟರಿನಲ್ಲಿ ವಸ್ತುವಿನ ವಿವರವನ್ನು ಯಂತ್ರವೇ ಓದುವ ಹಾಗೆ ಏನಾದರೂ ಮಾಡಿಕೊಡಿ ಅಂತ ಡೀನ್ ಹತ್ತಿರ ಕೇಳಿದರು. ಡೀನ್ ಒಪ್ಪಲಿಲ್ಲ. ಆದರೆ ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಆತ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ವುಡ್‌ಲ್ಯಾಂಡ್ ಮಯಾಮಿಯ ಸಮುದ್ರ ತೀರದಲ್ಲಿ ಕುಳಿತು ಯೋಚಿಸುತ್ತಾ, ತನಗೆ ಗೊತ್ತಿದ್ದ ಮೋರ್ಸ್ ಕೋಡಿನ ಚುಕ್ಕೆ ಮತ್ತು ಅಡ್ಡಗೆರೆಗಳನ್ನು ಮರಳಿನ ಮೇಲೆ ಬೆರಳಿನಿಂದ ಕೆಳಕ್ಕೆ ಎಳೆದ. ಚುಕ್ಕೆ ತೆಳು ಗೆರೆಯಾಯಿತು, ಅಡ್ಡಗೆರೆ ದಪ್ಪ ಗೆರೆಯಾಯಿತು. 1949ರಲ್ಲಿ ಅರ್ಜಿ ಹಾಕಿ 1952ರಲ್ಲಿ ಇಬ್ಬರೂ ಪೇಟೆಂಟ್ ಪಡೆದರು.

ಆದರೆ ಉಪಯೋಗಿಸುವುದು ಹೇಗೆ? ಓದಲು 500 ವ್ಯಾಟಿನ ಬಲ್ಬು ಬೇಕಿತ್ತು. ಲೇಸರ್ ಬಂದದ್ದೇ 1960ರಲ್ಲಿ. ಅಂಗಡಿಯಲ್ಲಿ ಇಡಬಹುದಾದಷ್ಟು ಚಿಕ್ಕ ಕಂಪ್ಯೂಟರ್ ಬರಲು ಇನ್ನೂ ಸಮಯ ಹಿಡಿಯಿತು. ಸಿಲ್ವರ್ 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಗೆರೆ ಅಂಗಡಿಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ನಡುವೆ ಅಮೆರಿಕದ ರೈಲ್ವೆ ಒಂದು ಪ್ರಯೋಗ ಮಾಡಿತ್ತು. ಗೂಡ್ಸ್ ವ್ಯಾಗನ್‌ಗಳ ಬದಿಗೆ ಬಣ್ಣದ ಪಟ್ಟಿಗಳನ್ನು ಅಂಟಿಸಿ, ಹಳಿಯ ಪಕ್ಕದ ಯಂತ್ರದಿಂದ ಓದಿಸುವ ಪದ್ಧತಿ. ಕಾರ್‌ಟ್ರ್ಯಾಕ್ ಅಂತ ಹೆಸರು. 1967ರಿಂದ ದೇಶದ ತುಂಬ ಜಾರಿಗೆ ಬಂತು, ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಕೈಬಿಟ್ಟರು. ಮುಖ್ಯ ಕಾರಣ ಧೂಳು, ಕೊಳೆ. ಪಟ್ಟಿಯನ್ನು ಒರೆಸುವವರು ಇರಲಿಲ್ಲ, ಯಂತ್ರಕ್ಕೆ ಓದಲು ಆಗಲಿಲ್ಲ. ಗಲ್ಫ್‌ನ ಬಯಲು ಯಾರ್ಡ್‌ಗಳಲ್ಲಿ ಕೆಲಸ ಮಾಡುವವರಿಗೆ ಈ ಕಥೆ ಹೊಸದಲ್ಲ. ಮರಳು ಗಾಳಿ ಬೀಸಿದ ಮರುದಿನ ಲೇಬಲ್ ಒರೆಸದೆ ಸ್ಕ್ಯಾನ್ ಆಗುವುದಿಲ್ಲ. ಮತ್ತೊಂದು ವಿಷಯ: ಬಿಸಿಯಿಂದ ನೇರವಾಗಿ ಪ್ರಿಂಟ್ ಆಗುವ ಅಗ್ಗದ ಲೇಬಲ್, ಅಂದರೆ ಅಂಗಡಿ ಬಿಲ್ಲಿನಂಥ ಕಾಗದ, ಜುಲೈ ಬಿಸಿಲಿಗೆ ಕಪ್ಪಾಗುತ್ತದೆ ಅಥವಾ ಮಾಸಿ ಹೋಗುತ್ತದೆ. ಹೊರಗಡೆ ಇಡುವ ಮಾಲಿಗೆ ರಿಬ್ಬನ್ ಹಾಕಿ ಪ್ರಿಂಟ್ ಮಾಡುವ ಲೇಬಲ್ಲೇ ಬೇಕು. ಇದನ್ನು ಉಳಿಸಲು ಹೋಗಿ ಲೆಕ್ಕ ಕಳೆದುಕೊಳ್ಳುವ ಕಂಪೆನಿಗಳು ಈಗಲೂ ಇವೆ.

1973ರ ಏಪ್ರಿಲ್ 3ರಂದು ಅಮೆರಿಕದ ದಿನಸಿ ವ್ಯಾಪಾರಿಗಳು ಒಟ್ಟಾಗಿ ಒಂದೇ ಮಾದರಿಯ ಗೆರೆಯನ್ನು ಆರಿಸಿದರು. ಐಬಿಎಂ ಕಂಪೆನಿಯ ಜಾರ್ಜ್ ಲಾರರ್ ರೂಪಿಸಿದ ಮಾದರಿ ಅದು. 1974ರ ಜೂನ್ 26ರ ಬೆಳಗ್ಗೆ ಓಹಾಯೋ ರಾಜ್ಯದ ಟ್ರಾಯ್ ಎಂಬ ಪಟ್ಟಣದ ಮಾರ್ಷ್ ಸೂಪರ್‌ಮಾರ್ಕೆಟಿನಲ್ಲಿ ಮೊದಲ ಸ್ಕ್ಯಾನ್ ನಡೆಯಿತು. ರಿಗ್ಲೀಸ್ ಚ್ಯೂಯಿಂಗ್ ಗಮ್ಮಿನ ಒಂದು ಪ್ಯಾಕ್, ಬೆಲೆ 67 ಸೆಂಟ್. ಕ್ಯೂ ಬೇಗ ಮುಗಿಯುತ್ತದೆ, ಪ್ರತಿ ಡಬ್ಬಕ್ಕೆ ಬೆಲೆ ಚೀಟಿ ಅಂಟಿಸುವ ಕೆಲಸ ತಪ್ಪುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ಅದಕ್ಕಿಂತ ದೊಡ್ಡ ಲಾಭ ಇದ್ದದ್ದು ಅಂಗಡಿಯ ಹಿಂಬಾಗಿಲ ಆಚೆ, ಗೋದಾಮಿನಲ್ಲಿ.

ಪೆಟ್ಟಿಗೆಗೆ ಒಂದು ನಂಬರ್, ಜಾಗಕ್ಕೆ ಒಂದು ನಂಬರ್

ಗೋದಾಮಿನಲ್ಲಿ ಬಾರ್‌ಕೋಡ್ ಕೆಲಸ ಮಾಡುವುದು ಮಾಲಿಗೆ ಮಾತ್ರ ಲೇಬಲ್ ಹಾಕಿದ್ದರಿಂದ ಅಲ್ಲ. ಜಾಗಕ್ಕೂ ಲೇಬಲ್ ಹಾಕಿದ್ದರಿಂದ. ರ‍್ಯಾಕಿನ ಪ್ರತಿ ಖಾನೆಗೂ ಒಂದು ವಿಳಾಸ ಇರುತ್ತದೆ. ಎ-12-03 ಅಂದರೆ ಎ ಸಾಲು, ಹನ್ನೆರಡನೇ ಕಂಬ, ಮೂರನೇ ಅಂತಸ್ತು. ಮಾಲು ಬಂದಾಗ ಹುಡುಗರ ಬಾಯಲ್ಲಿ ‘ಗನ್’ ಎಂದೇ ಕರೆಸಿಕೊಳ್ಳುವ ಹ್ಯಾಂಡ್‌ಹೆಲ್ಡ್ ಸ್ಕ್ಯಾನರಿನಿಂದ ಮೊದಲು ಪೆಟ್ಟಿಗೆ, ಆಮೇಲೆ ಖಾನೆ, ಎರಡನ್ನೂ ಸ್ಕ್ಯಾನ್ ಮಾಡಬೇಕು. ಆಗ ಕಂಪ್ಯೂಟರಿನಲ್ಲಿ ಎರಡಕ್ಕೂ ಗಂಟು ಬೀಳುತ್ತದೆ. ತೆಗೆಯುವಾಗಲೂ ಹಾಗೆಯೇ. ತಪ್ಪು ಖಾನೆಗೆ ಹೋಗಿ ಸ್ಕ್ಯಾನ್ ಮಾಡಿದರೆ ಗನ್ ಕಿರುಚುತ್ತದೆ.

ಇದರಿಂದ ಒಂದು ವಿಚಿತ್ರ ಸಾಧ್ಯವಾಯಿತು. ಹಿಂದೆ ಪ್ರತಿ ಮಾಲಿಗೂ ಖಾಯಂ ಜಾಗ ಇರಲೇಬೇಕಿತ್ತು, ಇಲ್ಲದಿದ್ದರೆ ನೆನಪು ಉಳಿಯುತ್ತಿರಲಿಲ್ಲ. ಅಕ್ಕಿಯ ಜಾಗ ಖಾಲಿ ಬಿದ್ದಿದ್ದರೂ ಅಲ್ಲಿ ಬೇರೇನನ್ನೂ ಇಡುವಂತಿರಲಿಲ್ಲ. ಈಗ ದೊಡ್ಡ ಗೋದಾಮುಗಳಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಇಡುತ್ತಾರೆ. ಆಟಿಕೆಯ ಪಕ್ಕ ಮಿಕ್ಸಿ, ಮಿಕ್ಸಿಯ ಮೇಲೆ ಚಪ್ಪಲಿ. ಹೊರಗಿನವರಿಗೆ ನೋಡಿದರೆ ಎಲ್ಲ ಅಸ್ತವ್ಯಸ್ತ ಅನ್ನಿಸಬೇಕು. ಕಂಪ್ಯೂಟರಿಗೆ ಎಲ್ಲಿ ಏನಿದೆ ಅಂತ ಗೊತ್ತಿರುವುದರಿಂದ ಒಂದಡಿ ಜಾಗವೂ ದಂಡವಾಗುವುದಿಲ್ಲ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಗನ್ ತೋರಿಸಿದ ದಾರಿಯಲ್ಲಿ ಹೋಗಿ ಸರಿಯಾದ ಪೆಟ್ಟಿಗೆ ತರುತ್ತಾನೆ. ಹತ್ತು ವರ್ಷದ ಅನುಭವಸ್ಥನಿಗೆ ಇದ್ದ ಬೆಲೆ ಇಲ್ಲಿ ಸ್ವಲ್ಪ ಇಳಿದದ್ದು ನಿಜ, ಅದನ್ನು ಮುಚ್ಚಿಡುವುದು ಬೇಡ.

ವರ್ಷಕ್ಕೊಮ್ಮೆ ಗೋದಾಮು ಮುಚ್ಚಿ ಎಣಿಸುವುದೂ ಕಡಿಮೆಯಾಯಿತು. ಅದರ ಬದಲು ದಿನಾ ಕೆಲವೇ ಖಾನೆಗಳನ್ನು ಎಣಿಸುವ ಸೈಕಲ್ ಕೌಂಟ್ ಬಂತು. ಬೇಗ ಖರ್ಚಾಗುವ, ದುಬಾರಿಯಾದ ಮಾಲನ್ನು ಮತ್ತೆ ಮತ್ತೆ ಎಣಿಸುತ್ತಾರೆ, ಮೂಲೆಯಲ್ಲಿ ಬಿದ್ದಿರುವ ಅಗ್ಗದ ಮಾಲನ್ನು ಅಪರೂಪಕ್ಕೆ. ವ್ಯತ್ಯಾಸ ಕಂಡರೆ ಅದು ಕಳೆದ ವಾರದ ವ್ಯವಹಾರದಲ್ಲೇ ಆಗಿರಬೇಕು, ಹುಡುಕಬಹುದು.

ಪ್ಯಾಲೆಟ್ ಮೇಲಿನ ದೊಡ್ಡ ಲೇಬಲ್‌ನಲ್ಲಿ ಕಂಸದೊಳಗೆ ಕೆಲವು ಅಂಕಿಗಳು ಇರುವುದನ್ನು ಹಲವರು ದಿನಾ ನೋಡುತ್ತಾರೆ, ಅರ್ಥ ಕೇಳಿದರೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಕೆಲಸಕ್ಕೆ ಬರುವ ವಿಷಯ ಅದು. (01) ಅಂದರೆ ಮುಂದೆ ಬರುವುದು ವಸ್ತುವಿನ ನಂಬರ್. (10) ಅಂದರೆ ಬ್ಯಾಚ್. (17) ಅಂದರೆ ಅವಧಿ ಮುಗಿಯುವ ದಿನ, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. (17)270331 ಎಂದಿದ್ದರೆ 2027ರ ಮಾರ್ಚ್ 31. (21) ಅಂದರೆ ಆ ಒಂದೇ ಪೆಟ್ಟಿಗೆಯ ಸೀರಿಯಲ್ ನಂಬರ್. (00) ಇದ್ದರೆ ಮುಂದಿನ ಹದಿನೆಂಟು ಅಂಕಿ ಇಡೀ ಪ್ಯಾಲೆಟಿನ ಗುರುತು, ಆ ಒಂದು ಸ್ಕ್ಯಾನಿನಿಂದ ಅದರ ಮೇಲಿರುವ ಎಲ್ಲ ಕಾರ್ಟನ್ನುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅಂಗಡಿಯ ಸಾಮಾನ್ಯ ಬಾರ್‌ಕೋಡಿನಲ್ಲಿ ಅವಧಿಯ ದಿನಾಂಕ ಇರುವುದಿಲ್ಲ, ಈ ಲೇಬಲ್‌ನಲ್ಲಿ ಇರುತ್ತದೆ. ಹಾಗಾಗಿಯೇ ಆಹಾರದ ಗೋದಾಮುಗಳಲ್ಲಿ ಮೊದಲು ಬಂದದ್ದನ್ನು ಮೊದಲು ಕಳಿಸುವ ಹಳೆಯ ನಿಯಮ ಹೋಗಿ, ಮೊದಲು ಅವಧಿ ಮುಗಿಯುವುದನ್ನು ಮೊದಲು ಕಳಿಸುವ ನಿಯಮ ಬಂದದ್ದು. ನಿನ್ನೆ ಬಂದ ಕಂಟೇನರಿನ ಹಾಲಿನ ಪುಡಿ ಕಳೆದ ತಿಂಗಳು ಬಂದದ್ದಕ್ಕಿಂತ ಹಳೆಯದಾಗಿರಬಹುದಲ್ಲ!

ಪರದೆಯಲ್ಲಿ ಇದೆ, ಖಾನೆಯಲ್ಲಿ ಇಲ್ಲ

ಇಷ್ಟೆಲ್ಲ ಇದ್ದರೂ ಪರದೆಯ ಲೆಕ್ಕ ತಪ್ಪುತ್ತದೆ. ಎಷ್ಟು ತಪ್ಪುತ್ತದೆ ಅಂದರೆ ನಂಬುವುದು ಕಷ್ಟ. ನಿಕೋಲ್ ಡಿಹೊರೇಶಿಯಸ್ ಮತ್ತು ಅನಂತ್ ರಾಮನ್ ಎಂಬ ಸಂಶೋಧಕರು ಒಂದು ದೊಡ್ಡ ಮಳಿಗೆ ಸರಣಿಯ 37 ಅಂಗಡಿಗಳ ಸುಮಾರು 3,70,000 ದಾಸ್ತಾನು ದಾಖಲೆಗಳನ್ನು ನಿಜವಾದ ಎಣಿಕೆಯ ಜೊತೆ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಶೇ. 65ರಷ್ಟು ದಾಖಲೆಗಳು ತಾಳೆಯಾಗಿರಲಿಲ್ಲ.

ಕಾರಣ ಯಂತ್ರ ಅಲ್ಲ. ಗಿರಾಕಿ ಮೂರು ಮೊಸರಿನ ಕಪ್ ತರುತ್ತಾನೆ. ಒಂದು ಸ್ಟ್ರಾಬೆರಿ, ಒಂದು ಮಾವು, ಒಂದು ಸಾದಾ. ಮೂರಕ್ಕೂ ಒಂದೇ ಬೆಲೆ. ಕ್ಯೂ ಉದ್ದ ಇದೆ. ಕ್ಯಾಶಿಯರ್ ಸ್ಟ್ರಾಬೆರಿ ಕಪ್ಪನ್ನು ಮೂರು ಸಲ ಸ್ಕ್ಯಾನ್ ಮಾಡಿ ಕಳಿಸುತ್ತಾನೆ. ದುಡ್ಡಿನ ಲೆಕ್ಕ ಸರಿ. ಆದರೆ ಕಂಪ್ಯೂಟರಿನಲ್ಲಿ ಸ್ಟ್ರಾಬೆರಿ ಎರಡು ಕಡಿಮೆ, ಮಾವು ಒಂದು ಜಾಸ್ತಿ, ಸಾದಾ ಒಂದು ಜಾಸ್ತಿ. ಒಂದು ತಿಂಗಳು ಹೀಗೇ ನಡೆದರೆ ಮಾವಿನ ಕಪ್ ಶೆಲ್ಫಿನಲ್ಲಿ ಒಂದೂ ಇಲ್ಲದಿದ್ದರೂ ಪರದೆಯಲ್ಲಿ ಮೂವತ್ತು ತೋರಿಸುತ್ತಿರುತ್ತದೆ. ಮೂವತ್ತು ಇದೆಯಲ್ಲ ಅಂತ ಕಂಪ್ಯೂಟರ್ ಹೊಸ ಆರ್ಡರ್ ಹಾಕುವುದಿಲ್ಲ. ಇಲ್ಲದ ಮಾಲು ಇದ್ದ ಹಾಗೆ ಕಾಣುವ ಈ ಕಾಯಿಲೆಗೆ ಗೋದಾಮಿನ ಭಾಷೆಯಲ್ಲಿ ‘ಫ್ಯಾಂಟಮ್ ಸ್ಟಾಕ್’ ಅಂತ ಹೆಸರು, ನಮ್ಮ ಭಾಷೆಯಲ್ಲಿ ಭೂತದ ದಾಸ್ತಾನು ಅನ್ನಬಹುದು.

ಗೋದಾಮಿನಲ್ಲೂ ಅಷ್ಟೇ. ಹತ್ತು ಕಾರ್ಟನ್ ಬಂದಿದೆ, ಮೇಲಿನ ಒಂದನ್ನು ಸ್ಕ್ಯಾನ್ ಮಾಡಿ ಹತ್ತು ಅಂತ ಒತ್ತಿದರೆ ಕೆಲಸ ಬೇಗ ಮುಗಿಯುತ್ತದೆ. ಕೆಳಗಿನ ಎರಡು ಬೇರೆ ಸೈಜ್ ಆಗಿದ್ದರೆ? ಒಡೆದ ಪೆಟ್ಟಿಗೆಯನ್ನು ಬದಿಗಿಟ್ಟು, ಆಮೇಲೆ ಎಂಟ್ರಿ ಮಾಡಿದರಾಯಿತು, ಖಲ್ಲಿವಲ್ಲಿ ಅಂತ ಬಿಟ್ಟರೆ? ಸ್ಕ್ಯಾನ್ ಆಗದ ಪೆಟ್ಟಿಗೆಯ ಬದಲು ಪಕ್ಕದ ಪೆಟ್ಟಿಗೆಯ ಗೆರೆಗೆ ಗನ್ ಹಿಡಿದರೆ? ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ತೋರಿಸಿದ್ದು ಮಾತ್ರ.

ಈ ವ್ಯತ್ಯಾಸದ ಭಾರ ಬೀಳುವುದು ಯಾರ ಮೇಲೆ ಎಂಬುದೇ ಕಾರ್ಮಿಕರಿಗೆ ಮುಖ್ಯವಾದ ಪ್ರಶ್ನೆ. ಬಿನ್ ಕಾರ್ಡಿನ ಕಾಲದಲ್ಲಿ ಅನುಮಾನ ಎಲ್ಲರ ಮೇಲೂ ಇರುತ್ತಿತ್ತು, ಪುರಾವೆ ಯಾರ ಮೇಲೂ ಇರುತ್ತಿರಲಿಲ್ಲ. ಈಗ ಪ್ರತಿ ಸ್ಕ್ಯಾನ್ ಜೊತೆಗೂ ಒಂದು ಲಾಗಿನ್ ಹೆಸರು, ದಿನಾಂಕ, ಗಂಟೆ, ನಿಮಿಷ ಉಳಿಯುತ್ತದೆ. ಮೇಲಿನವರು ಗಂಟೆಗೆ ಎಷ್ಟು ಪೆಟ್ಟಿಗೆ ತೆಗೆದ ಅಂತ ಅಳೆಯುವುದೂ ಇದರಿಂದಲೇ. ಚಹಾ ಕುಡಿಯಲು ನಿಂತ ಹತ್ತು ನಿಮಿಷವೂ ರಿಪೋರ್ಟಿನಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಆದರೆ ಅದೇ ದಾಖಲೆ ಕಾರ್ಮಿಕನ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಪೆಟ್ಟಿಗೆ ತನ್ನ ಕೈಯಿಂದ ಡಿಸ್‌ಪ್ಯಾಚ್ ಗೇಟಿಗೆ ಹೋಗಿ, ಅಲ್ಲಿ ಇನ್ನೊಬ್ಬನ ಲಾಗಿನ್‌ನಲ್ಲಿ ಸ್ಕ್ಯಾನ್ ಆಗಿದ್ದರೆ, ಆಮೇಲೆ ಕಳೆದುಹೋದದ್ದಕ್ಕೆ ಮೊದಲಿನವನನ್ನು ಹಿಡಿಯಲು ಬರುವುದಿಲ್ಲ.

ಈ ರಕ್ಷಣೆ ಉಳಿಯಬೇಕಿದ್ದರೆ ಲಾಗಿನ್ ತನ್ನೊಬ್ಬನದೇ ಆಗಿರಬೇಕು. ಅನೇಕ ಕಡೆ ಒಂದೇ ಪಾಸ್‌ವರ್ಡ್ ಇಡೀ ಶಿಫ್ಟಿಗೆ ಓಡುತ್ತದೆ. ರೂಮ್‌ಮೇಟ್ ಕೇಳಿದ, ಊರಿನವನು ಕೇಳಿದ ಅಂತ ಕೊಟ್ಟುಬಿಡುತ್ತಾರೆ. ಅವನು ಮಾಡಿದ ತಪ್ಪು ಕಂಪ್ಯೂಟರಿನಲ್ಲಿ ಇವನ ಹೆಸರಿಗೆ ಬರೆದಿರುತ್ತದೆ. ರಜೆಗೆ ಹೋಗುವ ಮೊದಲು ಅಥವಾ ಕೆಲಸ ಬಿಡುವ ಮೊದಲು ತನ್ನ ಸೆಕ್ಷನ್ನಿನ ಸ್ಟಾಕನ್ನು ಮುಂದಿನವನ ಎದುರೇ ಎಣಿಸಿ, ಸಹಿ ಹಾಕಿಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ವಿಮಾನದ ಟಿಕೆಟ್ ಕೈಯಲ್ಲಿರುವಾಗ ಶಾರ್ಟೇಜ್ ಲೆಕ್ಕ ಎದುರಿಗೆ ಬಂದರೆ ವಾದ ಮಾಡಲು ಸಮಯ ಇರುವುದಿಲ್ಲ. ಸೌದಿ ಕಾರ್ಮಿಕ ಕಾನೂನಿನ 91ನೇ ವಿಧಿಯ ಪ್ರಕಾರ ಕಾರ್ಮಿಕನ ತಪ್ಪಿನಿಂದ ಮಾಲು ಹಾಳಾದರೆ, ನಷ್ಟವಾದರೆ ಸಂಬಳದಿಂದ ಕಡಿತ ಮಾಡಬಹುದು, ಆದರೆ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಮುರಿಯುವಂತಿಲ್ಲ, ಕಾರ್ಮಿಕ ಅದನ್ನು ಪ್ರಶ್ನಿಸಲೂಬಹುದು. ಬೇರೆ ಗಲ್ಫ್ ದೇಶಗಳಲ್ಲಿ ನಿಯಮ ಬೇರೆ ಬೇರೆ ಇದೆ. ಎಲ್ಲೇ ಆದರೂ ಸ್ಕ್ಯಾನ್ ದಾಖಲೆಯ ಪ್ರತಿ ತೋರಿಸಿ ಅಂತ ಕೇಳುವುದು ಮೊದಲ ಹೆಜ್ಜೆ.

ಗೆರೆ ಕಾಣದಿದ್ದರೂ ಓದುವ ಚೀಟಿ

ಬಾರ್‌ಕೋಡಿಗೆ ಒಂದು ಮಿತಿ ಇದೆ. ಗೆರೆ ಕಣ್ಣೆದುರು ಇರಬೇಕು, ಒಂದೊಂದನ್ನೇ ಓದಿಸಬೇಕು. ಆರ್‌ಎಫ್‌ಐಡಿ ಚೀಟಿಗೆ ಆ ಕಷ್ಟ ಇಲ್ಲ. ಅದರೊಳಗೆ ಅಕ್ಕಿ ಕಾಳಿಗಿಂತ ಚಿಕ್ಕ ಚಿಪ್, ಸುತ್ತ ತೆಳುವಾದ ಆ್ಯಂಟೆನಾ. ಬ್ಯಾಟರಿ ಬೇಡ. ರೀಡರ್ ಕಳಿಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ವಾಪಸ್ ಹೇಳುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ನೂರು ಅಂಗಿಗಳನ್ನು ತೆರೆಯದೆಯೇ ಕೆಲವು ಸೆಕೆಂಡುಗಳಲ್ಲಿ ಎಣಿಸಬಹುದು.

ಅಮೆರಿಕದ ವಾಲ್‌ಮಾರ್ಟ್ 2003ರಲ್ಲಿ ತನ್ನ ದೊಡ್ಡ ಸರಬರಾಜುದಾರರಿಗೆ 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೆ ಈ ಚೀಟಿ ಹಾಕಲೇಬೇಕು ಅಂತ ಹೇಳಿತು. ಬಾರ್‌ಕೋಡ್ ಕಾಲ ಮುಗಿಯಿತು ಅಂತ ಅಂದು ಎಲ್ಲರೂ ಬರೆದರು. ಹಾಗಾಗಲಿಲ್ಲ. ಚೀಟಿಯ ಖರ್ಚು ಜಾಸ್ತಿ, ಜೊತೆಗೆ ಲೋಹ ಮತ್ತು ನೀರು ಈ ರೇಡಿಯೊ ಅಲೆಗೆ ಶತ್ರು. ಟಿನ್ ಡಬ್ಬ, ನೀರಿನ ಬಾಟಲಿಗಳ ಪ್ಯಾಲೆಟ್ ಮಧ್ಯದಲ್ಲಿರುವ ಚೀಟಿ ಓದುವುದೇ ಇಲ್ಲ. ಬಟ್ಟೆಗೆ ಆ ತೊಂದರೆ ಇಲ್ಲ, ಹಾಗಾಗಿ ಅದು ನೆಲೆಯಾದದ್ದು ಬಟ್ಟೆ ಅಂಗಡಿಗಳಲ್ಲಿ. ಝಾರಾ ಮಳಿಗೆಗಳ ಮಾಲಿಕ ಕಂಪೆನಿ 2014ರಿಂದ ದೊಡ್ಡ ಪ್ರಮಾಣದಲ್ಲಿ ಇದನ್ನು ತಂದಿತು. ಈ ಚೀಟಿ ಇರುವ ಮಾಲ್ ಅಂಗಡಿಯಲ್ಲಿ ಕೆಲಸದವರು ರ‍್ಯಾಕಿನ ಮುಂದೆ ಗನ್ ಬೀಸುತ್ತಾ ನಡೆದುಹೋದರೆ ಸ್ಟಾಕ್ ಎಣಿಕೆ ಮುಗಿದಂತೆ.

ಗೋದಾಮಿನಲ್ಲಿ ಕೆಲಸ ಮಾಡದವರಿಗೂ ಈ ಹಿಂಬಾಲಿಸುವ ತಂತ್ರದ ಪರಿಚಯ ಆಗುವುದು ಊರಿಗೆ ಹೊರಟಾಗ. ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು ಬರೆದ ಕಾರ್ಟನ್ನಿಗೆ ಏರ್‌ಪೋರ್ಟಿನಲ್ಲಿ ಅಂಟಿಸುವ ಪಟ್ಟಿಯ ಮೇಲೆ ಹತ್ತು ಅಂಕಿಯ ನಂಬರ್ ಇರುತ್ತದೆ. ಅದರಲ್ಲಿ ಮೂರು ಅಂಕಿ ವಿಮಾನ ಕಂಪೆನಿಯ ಗುರುತು, ಕೊನೆಯ ಆರು ಆ ಪೆಟ್ಟಿಗೆಯ ಕ್ರಮಸಂಖ್ಯೆ. ಅಂತಾರಾಷ್ಟ್ರೀಯ ವಿಮಾನ ಕಂಪೆನಿಗಳ ಒಕ್ಕೂಟವಾದ ಐಎಟಿಎಯ 753ನೇ ನಿರ್ಣಯ 2018ರ ಜೂನ್‌ನಿಂದ ಜಾರಿಯಲ್ಲಿದೆ. ಅದರಂತೆ ಸದಸ್ಯ ಕಂಪೆನಿಗಳು ಪೆಟ್ಟಿಗೆಯನ್ನು ನಾಲ್ಕು ಕಡೆ ದಾಖಲು ಮಾಡಬೇಕು: ಪ್ರಯಾಣಿಕನಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಬೇರೆ ವಿಮಾನಕ್ಕೆ ಬದಲಿಸುವಾಗ, ಕೊನೆಗೆ ಪ್ರಯಾಣಿಕನ ಕೈಗೆ ಬಂದಾಗ. ಹಾಗಾಗಿ ಮಂಗಳೂರಿನಲ್ಲಿ ಇಳಿದು ಪೆಟ್ಟಿಗೆ ಬಾರದಿದ್ದರೆ ‘ನೋಡ್ತೇವೆ’ ಎಂಬ ಉತ್ತರಕ್ಕೆ ಸುಮ್ಮನಾಗದೆ ಕೊನೆಯ ಸ್ಕ್ಯಾನ್ ಎಲ್ಲಿ ಆಗಿದೆ ಅಂತ ಕೇಳಬಹುದು. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಆ ಪುಟ್ಟ ಚೀಟಿಯನ್ನು ಮನೆ ತಲುಪುವವರೆಗೂ ಬಿಸಾಡಬಾರದು. ಹಾಗೆಯೇ ಹಳೆಯ ಪ್ರಯಾಣದ ಪಟ್ಟಿ, ಕಾರ್ಟನ್ನಿನ ಮೂಲೆಯಲ್ಲಿ ಅಂಟಿದ ಹಳೆಯ ಸ್ಟಿಕ್ಕರ್ ಕಿತ್ತು ತೆಗೆಯಬೇಕು. ಯಂತ್ರ ಹಳೆಯ ಗೆರೆಯನ್ನು ಓದಿದರೆ ಪೆಟ್ಟಿಗೆ ಗೊಂದಲಕ್ಕೆ ಬೀಳುತ್ತದೆ.

ಔಷಧದ ವಿಷಯದಲ್ಲಿ ಈ ಜಾಡು ಹಿಡಿಯುವ ಕೆಲಸ ಇನ್ನೂ ಬಿಗಿಯಾಗಿದೆ. ಸೌದಿಯಲ್ಲಿ ‘ರಸ್ದ್’, ಯುಎಇಯಲ್ಲಿ ‘ತತ್ಮೀನ್’ ಎಂಬ ಸರ್ಕಾರಿ ವ್ಯವಸ್ಥೆಗಳಲ್ಲಿ ಔಷಧದ ಪ್ರತಿ ಪೆಟ್ಟಿಗೆಗೂ ಬೇರೆಯೇ ಸೀರಿಯಲ್ ನಂಬರ್. ಪೆಟ್ಟಿಗೆಯ ಮೇಲಿನ ಚೌಕಾಕಾರದ ಚುಕ್ಕೆ ಕೋಡಿನಲ್ಲಿ ಅದು ಅಡಗಿರುತ್ತದೆ. ಒಂದೇ ಸೀರಿಯಲ್ಲಿನ ಪೆಟ್ಟಿಗೆ ಎರಡು ಕಡೆ ಮಾರಾಟವಾದರೆ ಒಂದು ನಕಲಿ ಅಂತ ಅರ್ಥ. ಭಾರತದಲ್ಲೂ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಊರಿನಲ್ಲಿರುವ ತಂದೆತಾಯಿಯ ಬಿಪಿ, ಶುಗರ್ ಮಾತ್ರೆಯ ಪಟ್ಟಿಯಲ್ಲಿ ಆ ಕೋಡ್ ಇದ್ದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ತಯಾರಕರು, ಬ್ಯಾಚ್, ಅವಧಿ ನೋಡಿಕೊಳ್ಳಬಹುದು.

ಅಂಗಡಿಯ ಹಳೆಯ ಗೆರೆಗೂ ಈಗ ಬದಲಾವಣೆಯ ಕಾಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪೆನಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ ಕ್ಯೂಆರ್ ಕೋಡ್ ಇಂದು ಚಹಾ ಅಂಗಡಿಯವರೆಗೆ ಬಂದಿದೆ. 2027ರ ಕೊನೆಯೊಳಗೆ ಜಗತ್ತಿನ ಅಂಗಡಿಗಳ ಕೌಂಟರುಗಳು ಗೆರೆಯ ಜೊತೆಗೆ ಇಂಥ ಚೌಕ ಕೋಡುಗಳನ್ನೂ ಓದುವಂತಾಗಬೇಕು ಎಂಬುದು ಜಿಎಸ್1 ಇಟ್ಟುಕೊಂಡಿರುವ ಗುರಿ. ಚೌಕ ಕೋಡಿನಲ್ಲಿ ಅವಧಿಯ ದಿನಾಂಕವನ್ನೂ ತುಂಬಬಹುದು. ಈಗ ಬಕಾಲಾದ ಹುಡುಗ ರಾತ್ರಿ ಅಂಗಡಿ ಮುಚ್ಚುವ ಮೊದಲು ಫ್ರಿಜ್ಜಿನ ಲಬನ್ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ದಿನಾಂಕ ನೋಡಬೇಕು. ಒಂದು ಕಣ್ತಪ್ಪಿ ಇನ್‌ಸ್ಪೆಕ್ಟರ್ ಕೈಗೆ ಸಿಕ್ಕಿದರೆ ದಂಡ. ದಿನಾಂಕ ತುಂಬಿದ ಕೋಡ್ ಬಂದಾಗ ಅವಧಿ ಮೀರಿದ ಬಾಟಲಿಯನ್ನು ಬಿಲ್ ಮಾಡಲು ಕೌಂಟರಿನ ಯಂತ್ರವೇ ಒಪ್ಪದ ಹಾಗೆ ಮಾಡಬಹುದು, ಬಾಟಲಿಯ ಮೇಲೆ ಐದನ್ನು ಅರಬಿಯಲ್ಲಿ ಬರೆದಿದ್ದರೂ ಸರಿ, ಇಂಗ್ಲಿಷಿನಲ್ಲಿ ಬರೆದಿದ್ದರೂ ಸರಿ.